ವಾಲ್ವ್ ಬದಲಿಸುವಾಗಲೇ ತಾಳ ತಪ್ಪಿದ ಬಡಿತಕ್ಕೂ ಚಿಕಿತ್ಸೆ: ಒಂದು ಪ್ರಕರಣ ಅಧ್ಯಯನ

ಹಾಸನ ಜಿಲ್ಲೆಯ 51 ವರ್ಷದ ಮಹಿಳೆ. ಮನೆಯಲ್ಲೇ ಹೊಲಿಗೆ ಕೆಲಸ. ಬೆಂಗಳೂರಿನ ಹೃದಯ ಆಸ್ಪತ್ರೆಗೆ ಬಂದಾಗ ಅವರ ಮಿಟ್ರಲ್ ವಾಲ್ವ್ ತೀರಾ ಹಾಳಾಗಿತ್ತು. ಅದನ್ನು ಬದಲಿಸಲೇಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಚರ್ಚೆ ನಡೆದದ್ದು ಬೇರೆ ವಿಷಯಕ್ಕೆ. ಹೇಗೂ ಎದೆ ತೆರೆಯುತ್ತೇವೆ, ಅದೇ ಆಪರೇಷನ್‌ನಲ್ಲಿ ತಾಳ ತಪ್ಪಿದ ಬಡಿತವನ್ನೂ ಸರಿಪಡಿಸಬೇಕೇ, ಅಥವಾ ವಾಲ್ವ್ ಹಾಕಿ ಹೊರಬರಬೇಕೇ?

ಒಬ್ಬರ ಗುರುತು ಸಿಗಬಾರದು ಅಂತ ಇಂಥ ಹಲವು ರೋಗಿಗಳ ವಿವರ ಸೇರಿಸಿ ಇದನ್ನು ಒಂದೇ ಪ್ರಕರಣವಾಗಿ ಬರೆದಿದ್ದೇನೆ. ಕಾಯಿಲೆಯ ಹಾದಿ, ಎದುರಾದ ಪ್ರಶ್ನೆಗಳು ಮಾತ್ರ ನಮ್ಮ ಕಡೆ ದಿನವೂ ಕಾಣುವಂಥವೇ.

ಕಾಯಿಲೆ ಬಂದ ದಾರಿ

ಹತ್ತು ಹನ್ನೊಂದರ ವಯಸ್ಸಿನಲ್ಲಿ ಜ್ವರ ಬಂದು ಮಂಡಿ, ಮಣಿಕಟ್ಟು ಒಂದಾದ ಮೇಲೊಂದು ಊದಿಕೊಂಡಿದ್ದವು. ರುಮ್ಯಾಟಿಕ್ ಜ್ವರ. ಗಂಟಲಿಗೆ ತಗಲುವ ಸ್ಟ್ರೆಪ್ಟೊಕಾಕಸ್ ಸೋಂಕಿನ ವಿರುದ್ಧ ದೇಹ ಹೋರಾಡುವಾಗ ಕೀಲುಗಳಿಗೂ ಹೃದಯದ ವಾಲ್ವ್‌ಗಳಿಗೂ ಏಟು ಬೀಳುವ ಕಾಯಿಲೆ ಇದು. ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಶುರುವಾಯಿತು. ಎರಡು ವರ್ಷ ಆದ ಮೇಲೆ ನಿಂತೂ ಹೋಯಿತು. ಮಗು ಚೆನ್ನಾಗಿ ಓಡಾಡುತ್ತಿದೆ, ಇನ್ನು ಯಾಕೆ ಸೂಜಿ ಅಂತ ಮನೆಯವರಿಗೆ ಅನ್ನಿಸಿದ್ದು ಸಹಜ. ಆದರೆ ವಾಲ್ವ್ ಒಳಗೊಳಗೇ ದಪ್ಪವಾಗುತ್ತಾ, ಅಂಟಿಕೊಳ್ಳುತ್ತಾ ಹೋಯಿತು.

ಎರಡು ಹೆರಿಗೆ ತೊಂದರೆ ಇಲ್ಲದೆ ಆದವು. ನಲವತ್ತೈದು ದಾಟಿದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ದಮ್ಮು ಇರಬೇಕು ಅಂತ ಒಂದು ಕಡೆ ಇನ್ಹೇಲರ್ ಬರೆದುಕೊಟ್ಟರು. ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕೂತರೆ ಸ್ವಲ್ಪ ಆರಾಮ. ಮೊದಲ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆದದ್ದು 48ನೇ ವಯಸ್ಸಿನಲ್ಲಿ. ಆಗಲೇ ಕಿರಿದಾದ ವಾಲ್ವ್ ಅನ್ನು ಎದೆ ತೆರೆಯದೆ ಹಿಗ್ಗಿಸುವ ಬಲೂನ್ ಚಿಕಿತ್ಸೆ ಸಾಧ್ಯವೇ ನೋಡೋಣ, ಬನ್ನಿ ಅಂದಿದ್ದರು. ಅವರು ಮತ್ತೆ ಹೋಗಲಿಲ್ಲ.

ನಮ್ಮಲ್ಲಿಗೆ ಬಂದಾಗ ಎಕೋ ತೋರಿಸಿದ್ದು ಹೀಗೆ. ಮಿಟ್ರಲ್ ವಾಲ್ವ್ ಎಡಗಡೆಯ ಮೇಲಿನ ಕೋಣೆ ಮತ್ತು ಕೆಳಗಿನ ಕೋಣೆಯ ನಡುವೆ ಇರುವ ಕವಾಟ. ಚೆನ್ನಾಗಿರುವವರಲ್ಲಿ ಅದು 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ. ಇವರಲ್ಲಿ 0.9. ಅದರ ಜೊತೆಗೆ ವಾಲ್ವ್ ಮಧ್ಯಮ ಮಟ್ಟದಲ್ಲಿ ಸೋರುತ್ತಿತ್ತು, ಸುಣ್ಣ ಕಟ್ಟಿತ್ತು. ಎಡ ಮೇಲ್ಕೋಣೆ 5.6 ಸೆಂಟಿಮೀಟರ್‌ಗೆ ಹಿಗ್ಗಿತ್ತು. ಬಲಗಡೆಯ ಟ್ರೈಕಸ್ಪಿಡ್ ವಾಲ್ವ್ ಕೂಡ ಸೋರಲು ಶುರುವಾಗಿತ್ತು. ಕೆಳಗಿನ ಕೋಣೆಯ ಪಂಪ್ ಮಾಡುವ ಶಕ್ತಿ ಮಾತ್ರ ಚೆನ್ನಾಗಿತ್ತು, 55 ಶೇಕಡಾ. ಅದೊಂದು ಸಮಾಧಾನ.

ಅನ್ನನಾಳದ ಮೂಲಕ ಮಾಡಿದ ಎಕೋದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಎಡ ಮೇಲ್ಕೋಣೆಗೆ ಅಂಟಿಕೊಂಡಂತೆ ಬೆರಳುದ್ದದ ಒಂದು ಚೀಲ ಇರುತ್ತದೆ. ಅಪೆಂಡೇಜ್ ಅಂತಾರೆ. ಅದರೊಳಗೆ ರಕ್ತದ ಗಡ್ಡೆ ಕೂತಿತ್ತು. ಬಲೂನ್ ಚಿಕಿತ್ಸೆಯ ದಾರಿ ಅಲ್ಲಿಗೆ ಮುಚ್ಚಿತು. ಗಡ್ಡೆ ಒಂದೇ ಆಗಿದ್ದರೆ ಕೆಲವು ವಾರ ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಟ್ಟು ಮತ್ತೆ ನೋಡಬಹುದಿತ್ತು. ಸುಣ್ಣ, ಸೋರಿಕೆ ಎರಡೂ ಸೇರಿದ್ದರಿಂದ ಆಪರೇಷನ್ನೇ ಸರಿ ಅಂತ ತೀರ್ಮಾನವಾಯಿತು.

ಪ್ಲಾಸ್ಟಿಕ್ ಕವರಿನಲ್ಲಿದ್ದ ಇಸಿಜಿಗಳು

ಅವರ ಬಡಿತ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿತ್ತು. ಚಿಕ್ಕದಾಗಿ ಎಎಫ್. ಅಂದರೆ ಮೇಲಿನ ಕೋಣೆಗಳು ಒಟ್ಟಾಗಿ ಹಿಂಡುವುದನ್ನು ಬಿಟ್ಟು ನಡುಗುತ್ತಿರುತ್ತವೆ. ನಿಮಿಷಕ್ಕೆ 350ಕ್ಕೂ ಜಾಸ್ತಿ ವಿದ್ಯುತ್ ಮಿಂಚುಗಳು ಅಲ್ಲಿ ಸುತ್ತಾಡುತ್ತಿರುತ್ತವೆ. ಅದರಲ್ಲಿ ಕೆಲವು ಮಾತ್ರ ಕೆಳಗೆ ಇಳಿಯುತ್ತವೆ, ಅದೂ ಲೆಕ್ಕವಿಲ್ಲದೆ. ನಾಡಿ ಹಿಡಿದು ನೋಡಿದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ಹೊಂದಿಕೆಯೇ ಇರುವುದಿಲ್ಲ.

ಎಎಫ್ ಯಾವಾಗ ಶುರುವಾಯಿತು ಅನ್ನುವುದು ಇಲ್ಲಿ ಬಹಳ ಮುಖ್ಯ. ಹಳೆಯದಾದಷ್ಟೂ, ಮೇಲ್ಕೋಣೆ ಹಿಗ್ಗಿದಷ್ಟೂ ಅದನ್ನು ಸರಿಪಡಿಸುವುದು ಕಷ್ಟ. "ಎದೆ ಢವಢವ ಅನ್ನೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ?" ಅಂತ ಕೇಳಿದರೆ "ಬಹಳ ದಿನ ಆಯ್ತು ಡಾಕ್ಟ್ರೇ" ಅನ್ನುವ ಉತ್ತರ ಬಂತು. ಆಮೇಲೆ ಮಗ ಒಂದು ಪ್ಲಾಸ್ಟಿಕ್ ಕವರ್ ತೆಗೆದುಕೊಟ್ಟ. ಒಳಗೆ ಹಳೆಯ ಚೀಟಿ, ಬಿಲ್ಲು, ಎಕ್ಸ್‌ರೇ, ನಾಲ್ಕು ಇಸಿಜಿ. ಇಸಿಜಿ ಕಾಗದ ಬಿಸಿಗೆ ಬರೆಯುವಂಥದ್ದು, ಕಾಲ ಕಳೆದಂತೆ ಅಕ್ಷರ ಮಾಸುತ್ತದೆ. ಎರಡು ಹಾಳೆ ಪೂರ್ತಿ ಬೂದು. ಇನ್ನೆರಡನ್ನು ಯಾರೋ ಜೆರಾಕ್ಸ್ ಮಾಡಿಸಿಟ್ಟಿದ್ದರು. ಮೊದಲ ಹಾಳೆಯಲ್ಲಿ ಪ್ರತಿ ಬಡಿತದ ಮುಂದೆ, ಮೇಲ್ಕೋಣೆ ಒಟ್ಟಾಗಿ ಹಿಂಡುವುದರ ಗುರುತಾದ ಪಿ ಅಲೆ ಕಾಣುತ್ತಿತ್ತು, ನೆತ್ತಿಯಲ್ಲಿ ಸಣ್ಣ ಸೀಳಿನೊಂದಿಗೆ. ಮೇಲ್ಕೋಣೆ ಹಿಗ್ಗಿದ್ದರೂ ತಾಳ ಇನ್ನೂ ಕೆಟ್ಟಿರಲಿಲ್ಲ ಅಂತ ಅದರ ಅರ್ಥ. ಆರು ತಿಂಗಳ ನಂತರದ ಹಾಳೆಯಲ್ಲಿ ಪಿ ಅಲೆ ಮಾಯ, ಅದರ ಜಾಗದಲ್ಲಿ ಒರಟಾದ ಅಲುಗಾಟ. ಆ ದಿನಾಂಕ ಹಿಡಿದು ಲೆಕ್ಕ ಹಾಕಿದರೆ ಎಎಫ್‌ಗೆ ಸುಮಾರು ಎರಡೂವರೆ ವರ್ಷ.

ಈ ಒಂದು ಜೆರಾಕ್ಸ್ ಹಾಳೆ ಚರ್ಚೆಯ ದಿಕ್ಕನ್ನೇ ಬದಲಿಸಿತು. ಎಂಟು ಹತ್ತು ವರ್ಷದ ಎಎಫ್ ಆಗಿದ್ದರೆ ನಾವು ಬೇರೆ ಥರ ಯೋಚಿಸುತ್ತಿದ್ದೆವು. ಇಸಿಜಿ ತೆಗೆಸಿದ ದಿನವೇ ಅದರ ಫೋಟೋನೋ ಜೆರಾಕ್ಸೋ ಮಾಡಿಟ್ಟುಕೊಳ್ಳಿ ಅಂತ ಪ್ರತಿ ರೋಗಿಗೂ ಹೇಳಬೇಕು ಅನ್ನಿಸುತ್ತದೆ.

ಮಗ ಕೇಳಿದ ಪ್ರಶ್ನೆ

51ರ ವಯಸ್ಸಿಗೆ ಮೆಕ್ಯಾನಿಕಲ್ ವಾಲ್ವ್ ಹಾಕುವುದು ಅಂತ ಆಯಿತು. ಅದು ದಶಕಗಟ್ಟಲೆ ಬಾಳಿಕೆ ಬರುತ್ತದೆ. ಪ್ರಾಣಿ ಅಂಗಾಂಶದ ವಾಲ್ವ್ ಹಾಕಿದರೆ ಈ ವಯಸ್ಸಿನವರಿಗೆ ಮತ್ತೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಜಾಸ್ತಿ. ಆದರೆ ಮೆಕ್ಯಾನಿಕಲ್ ವಾಲ್ವ್ ಇದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆ ಜೀವನಪೂರ್ತಿ ಬೇಕೇ ಬೇಕು. ಹೊಸ ಕಾಲದ ಬ್ಲಡ್ ಥಿನ್ನರ್‌ಗಳು ಇಲ್ಲಿ ನಡೆಯುವುದಿಲ್ಲ. ಡಬಿಗಟ್ರಾನ್ ಅನ್ನು ಮೆಕ್ಯಾನಿಕಲ್ ವಾಲ್ವ್ ಇದ್ದವರಲ್ಲಿ ಪರೀಕ್ಷಿಸಿದಾಗ ಗಡ್ಡೆಯೂ ರಕ್ತಸ್ರಾವವೂ ಜಾಸ್ತಿಯಾಗಿ ಆ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. 2013ರಲ್ಲಿ ಅದರ ವರದಿ ಬಂತು.

ಇಷ್ಟು ಹೇಳಿ, ಜೊತೆಗೆ ಎಎಫ್‌ಗೆ ಮೇಲ್ಕೋಣೆಯ ಗೋಡೆಯನ್ನು ಗೆರೆ ಗೆರೆಯಾಗಿ ಸುಡುವ ಮೇಜ್ ಅನ್ನುವ ಚಿಕಿತ್ಸೆಯನ್ನೂ ಅದೇ ಹೊತ್ತಿಗೆ ಮಾಡಬಹುದು ಅಂದಾಗ ಮಗ ಕೇಳಿದ: "ಮಾತ್ರೆ ಹೇಗೂ ಸಾಯೋವರೆಗೂ ನುಂಗಬೇಕು ಅಂತೀರಿ. ಹಾಗಿದ್ರೆ ಈ ಸುಡೋ ಕೆಲಸದಿಂದ ಅಮ್ಮನಿಗೆ ಏನು ಲಾಭ ಡಾಕ್ಟ್ರೇ?"

ಸರಿಯಾದ ಪ್ರಶ್ನೆ. ಇದಕ್ಕೆ ನೇರ ಉತ್ತರ ಕೊಡಲಾಗದಿದ್ದರೆ ಆ ಕೆಲಸಕ್ಕೆ ಕೈ ಹಾಕಬಾರದು. ಟೇಬಲ್ ಮೇಲೆ ಮಲಗಿಸಿದ ಮೇಲೆ ಯೋಚಿಸುವ ವಿಷಯವೂ ಇದಲ್ಲ. ರೋಗಿ ಎಚ್ಚರ ಇರುವಾಗಲೇ, ಮನೆಯವರ ಮುಂದೆಯೇ ಇತ್ಯರ್ಥವಾಗಬೇಕು.

ಮೊದಲು ಮೇಜ್ ಅಂದರೇನು ಅಂತ ವಿವರಿಸಿದೆವು. ಎಎಫ್‌ನ ಮಿಂಚು ಸುತ್ತು ಹಾಕಲು ಅದಕ್ಕೆ ಜಾಗ ಬೇಕು. ಗದ್ದೆಯಲ್ಲಿ ಬದು ಕಟ್ಟಿ ನೀರನ್ನು ಒಂದೇ ಕಡೆ ಹರಿಸುವ ಹಾಗೆ, ಮೇಲ್ಕೋಣೆಯ ಗೋಡೆಯಲ್ಲಿ ಕಲೆಯ ಗೆರೆಗಳನ್ನು ಮಾಡಿದರೆ ಮಿಂಚಿಗೆ ಸುತ್ತಲು ದಾರಿ ಇರುವುದಿಲ್ಲ. ಸಹಜವಾಗಿ ಹುಟ್ಟುವ ಸಂದೇಶ ಮಾತ್ರ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಜೇಮ್ಸ್ ಕಾಕ್ಸ್ 1987ರಲ್ಲಿ ಇದನ್ನು ಮೊದಲ ಬಾರಿ ಮನುಷ್ಯರಲ್ಲಿ ಮಾಡಿದರು. ಆಗ ಗೋಡೆಯನ್ನು ನಿಜಕ್ಕೂ ಕತ್ತರಿಸಿ ಮತ್ತೆ ಹೊಲಿಯುತ್ತಿದ್ದರು. ಬಹಳ ಹೊತ್ತು ಹಿಡಿಯುತ್ತಿತ್ತು, ರಕ್ತಸ್ರಾವದ ಭಯ ಇರುತ್ತಿತ್ತು, ಹಾಗಾಗಿ ಹೆಚ್ಚು ಸರ್ಜನ್‌ಗಳು ಅದರ ಹತ್ತಿರ ಹೋಗಲಿಲ್ಲ. 2002ರ ಹೊತ್ತಿಗೆ ಅದೇ ಊರಿನಲ್ಲಿ ಡಾ. ರಾಲ್ಫ್ ಡಾಮಿಯಾನೊ ತಂಡ ಕತ್ತರಿ ಹಾಕುತ್ತಿದ್ದ ಬಹುಪಾಲು ಜಾಗಗಳಲ್ಲಿ ರೇಡಿಯೊಫ್ರೀಕ್ವೆನ್ಸಿಯಿಂದ ಸುಡುವುದು ಮತ್ತು ಅತಿ ಶೀತದಿಂದ ಹೆಪ್ಪುಗಟ್ಟಿಸುವುದನ್ನು ತಂದಿತು. ಇವತ್ತು ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಲಾಭದ ಮಾತು. ಮೇಲ್ಕೋಣೆ ಸರಿಯಾಗಿ ಹಿಂಡಿದರೆ ಕೆಳಕೋಣೆಗೆ ಹೋಗುವ ರಕ್ತದ ಸುಮಾರು ಐದನೇ ಒಂದು ಪಾಲು ಅದರಿಂದ ಬರುತ್ತದೆ. ವರ್ಷಗಟ್ಟಲೆ ಏದುಸಿರಿನಲ್ಲಿ ಬದುಕಿದವರಿಗೆ ಅದು ಸಣ್ಣದಲ್ಲ. ಬಡಿತ ಓಡುವುದನ್ನು ತಡೆಯುವ ಮಾತ್ರೆಗಳ ಹೊರೆಯೂ ಇಳಿಯಬಹುದು.

2015ರಲ್ಲಿ ಅಮೆರಿಕ, ಕೆನಡಾದ ಆಸ್ಪತ್ರೆಗಳ ಒಂದು ಅಧ್ಯಯನ ಬಂತು. ಮಿಟ್ರಲ್ ವಾಲ್ವ್ ಆಪರೇಷನ್‌ಗೆ ಬಂದ, ಎಎಫ್ ಪಟ್ಟು ಹಿಡಿದು ಕೂತಿದ್ದ 260 ಮಂದಿಯನ್ನು ಚೀಟಿ ಎತ್ತಿದ ರೀತಿ ಎರಡು ಗುಂಪು ಮಾಡಿದ್ದರು. ಲಯದ ಚಿಕಿತ್ಸೆಯೂ ಆದವರಲ್ಲಿ ಆರು ತಿಂಗಳಿಗೂ ಒಂದು ವರ್ಷಕ್ಕೂ ಎಎಫ್ ಇಲ್ಲದವರು 63.2 ಶೇಕಡಾ. ಬರೀ ವಾಲ್ವ್ ಆಪರೇಷನ್ ಆದವರಲ್ಲಿ 29.4 ಶೇಕಡಾ. ವರ್ಷದೊಳಗಿನ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಆದರೆ ಪೇಸ್‌ಮೇಕರ್ ಬೇಕಾದವರು ಲಯದ ಚಿಕಿತ್ಸೆಯ ಗುಂಪಿನಲ್ಲಿ ಎರಡು ಪಟ್ಟಿಗೂ ಜಾಸ್ತಿ: ನೂರು ರೋಗಿ-ವರ್ಷಕ್ಕೆ (ಅಂದರೆ ನೂರು ರೋಗಿಗಳನ್ನು ಒಂದು ವರ್ಷ ಗಮನಿಸಿದಷ್ಟಕ್ಕೆ) 21.5, ಇನ್ನೊಂದು ಗುಂಪಿನಲ್ಲಿ 8.1. ಈ ಕೊನೆಯ ಅಂಕಿಯನ್ನು ಹೇಳದೆ ಮೊದಲ ಅಂಕಿ ಹೇಳುವುದು ಮೋಸ. ನಾವು ಎರಡನ್ನೂ ಹೇಳಿದೆವು.

ಇನ್ನು ಅಪೆಂಡೇಜ್. 27 ದೇಶಗಳ 4,800ರಷ್ಟು ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಹೃದಯ ಆಪರೇಷನ್ ಆಗುವಾಗಲೇ ಆ ಚೀಲವನ್ನು ಮುಚ್ಚಿದವರಲ್ಲಿ ಸ್ಟ್ರೋಕ್ ಅಥವಾ ಬೇರೆ ಅಂಗಕ್ಕೆ ಗಡ್ಡೆ ಹೋದದ್ದು 4.8 ಶೇಕಡಾ. ಮುಚ್ಚದವರಲ್ಲಿ 7.0. ಸರಾಸರಿ ಸುಮಾರು ನಾಲ್ಕು ವರ್ಷ ಅವರನ್ನು ಗಮನಿಸಿದ್ದರು. ನಮ್ಮ ಪ್ರಶ್ನೆಗೆ ಹತ್ತಿರ ಬರುವ ವಿಷಯ ಏನೆಂದರೆ, ಅವರಲ್ಲಿ ಬಹುಪಾಲು ಜನ ಬ್ಲಡ್ ಥಿನ್ನರ್ ತಗೊಳ್ಳುತ್ತಲೇ ಇದ್ದರು. ಅಂದರೆ ಮಾತ್ರೆಯ ಮೇಲೆ ಇದು ಇನ್ನೊಂದು ರಕ್ಷಣೆ.

ಆದರೆ ಎರಡು ತಕರಾರು ಇವೆ. ಆ ಅಧ್ಯಯನದಲ್ಲಿ ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಳ್ಳುವವರನ್ನು ಸೇರಿಸಿರಲಿಲ್ಲ. ಮತ್ತೆ, ರುಮ್ಯಾಟಿಕ್ ಅಲ್ಲದ ಎಎಫ್‌ನಲ್ಲಿ ಎಡ ಮೇಲ್ಕೋಣೆಯ ಗಡ್ಡೆಗಳ ಪೈಕಿ 90 ಶೇಕಡಾದಷ್ಟು ಅಪೆಂಡೇಜ್‌ನಲ್ಲಿ ಸಿಗುತ್ತವೆ. ರುಮ್ಯಾಟಿಕ್ ವಾಲ್ವ್ ಕಾಯಿಲೆಯಲ್ಲಿ ಹಾಗಿಲ್ಲ, 57 ಶೇಕಡಾ ಆಸುಪಾಸು. ಉಳಿದವು ಕೋಣೆಯ ಒಳಗೇ ಕಟ್ಟುತ್ತವೆ. ಹಾಗಾಗಿ ಆ ಅಂಕಿಗಳನ್ನು ಹಾಸನದ ಈ ಅಮ್ಮನಿಗೆ ಹಾಗೇ ಅಂಟಿಸಲು ಬರುವುದಿಲ್ಲ. ನನ್ನ ಪ್ರಕಾರ ಇದೇ ಕಾರಣಕ್ಕೆ ರುಮ್ಯಾಟಿಕ್ ರೋಗಿಯಲ್ಲಿ ಚೀಲ ಮುಚ್ಚಿ ಸುಮ್ಮನಾಗುವುದು ಸಾಲದು. ಕೋಣೆ ಮತ್ತೆ ಹಿಂಡುವ ಹಾಗೆ ಮಾಡಲು ಪ್ರಯತ್ನಿಸಬೇಕು, ರಕ್ತ ಎಲ್ಲೂ ನಿಂತ ನೀರಾಗಬಾರದು.

ಇನ್ನೊಂದು ನಮ್ಮ ನೆಲದ ಮಾತು. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅಂತ ಅಳೆಯುವ ಪರೀಕ್ಷೆಯೇ ಐಎನ್‌ಆರ್, ಮಾತ್ರೆಯ ಡೋಸ್ ನಿಲ್ಲುವುದು ಅದರ ಮೇಲೆ. ಪುಸ್ತಕದಲ್ಲಿ ಅಸಿಟ್ರಾಮ್ ಅಂದರೆ ಐಎನ್‌ಆರ್ ಸದಾ ಹದ್ದುಬಸ್ತಿನಲ್ಲಿ ಇರುತ್ತದೆ. ಊರಿನಲ್ಲಿ ಹಾಗಾಗುವುದಿಲ್ಲ. ಲ್ಯಾಬ್ ತಾಲೂಕು ಕೇಂದ್ರದಲ್ಲಿ. ಸುಗ್ಗಿ, ಹಬ್ಬ, ಮದುವೆ ಬಂದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಒಂದು ವಾರ ದಂಟು, ನುಗ್ಗೆಸೊಪ್ಪು ಧಾರಾಳ, ಇನ್ನೊಂದು ವಾರ ಸೊಪ್ಪೇ ಇಲ್ಲ. ಸೊಪ್ಪು ಜಾಸ್ತಿಯಾದರೆ ಈ ಮಾತ್ರೆಯ ಬಲ ತಗ್ಗುತ್ತದೆ. ಐಎನ್‌ಆರ್ ಕೆಳಗಿಳಿದ ಆ ವಾರಗಳಲ್ಲಿ ತಾಳ ಸರಿಯಿದ್ದರೆ, ಚೀಲ ಮುಚ್ಚಿದ್ದರೆ, ರೋಗಿಗೆ ಒಂದಷ್ಟು ಆಸರೆ. ಇದಕ್ಕೆ ನನ್ನ ಹತ್ತಿರ ಅಂಕಿ ಇಲ್ಲ, ಇದು ಅನುಭವದ ತೀರ್ಮಾನ. ಮಗನಿಗೆ ಹಾಗೆಯೇ ಹೇಳಿದೆವು.

ಖರ್ಚಿನ ವಿಷಯವನ್ನೂ ಬಿಡಿಸಿ ಹೇಳಬೇಕಾಯಿತು. ಸುಡುವ ಕ್ಲ್ಯಾಂಪ್ ಹೊರದೇಶದ್ದು, ದುಬಾರಿ. ವಾಲ್ವ್‌ನ ಪ್ಯಾಕೇಜಿನಲ್ಲಿ ಅದು ಸೇರಿದೆಯೇ ಇಲ್ಲವೇ ಅಂತ ಮೊದಲೇ ಕೇಳಿಕೊಳ್ಳಬೇಕು. ಎರಡು ದಿನ ಮನೆಯಲ್ಲಿ ಮಾತಾಡಿ ಬಂದರು. ಒಪ್ಪಿಗೆ ಹೇಳಿದ್ದು ಆ ಅಮ್ಮನೇ.

ಆಪರೇಷನ್ ದಿನ

ಅಸಿಟ್ರಾಮ್ ನಿಲ್ಲಿಸಿ, ಅದೇ ಕೆಲಸ ಮಾಡುವ ಹೆಪಾರಿನ್ ಇಂಜೆಕ್ಷನ್ ಮೇಲೆ ಇಟ್ಟು, ಐಎನ್‌ಆರ್ ಇಳಿದ ಮೇಲೆ ಥಿಯೇಟರ್‌ಗೆ ಕರೆದೊಯ್ದರು. ಎದೆಮೂಳೆ ಬಿಡಿಸಿ ಹಾರ್ಟ್-ಲಂಗ್ ಮೆಷಿನ್‌ಗೆ ಜೋಡಿಸಿದರು.

ಸಾಮಾನ್ಯವಾಗಿ ಶ್ವಾಸಕೋಶದಿಂದ ಬರುವ ರಕ್ತನಾಳಗಳ ಸುತ್ತ ಕ್ಲ್ಯಾಂಪ್ ಹಾಕಿ ಸುಡುವುದನ್ನು ಹೃದಯ ಬಡಿಯುತ್ತಿರುವಾಗಲೇ ಮಾಡಬಹುದು. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. ಒಳಗೆ ಗಡ್ಡೆ ಇದೆ. ಹೃದಯವನ್ನು ಎತ್ತಿ, ತಿರುಗಿಸಿ, ಒತ್ತಿದರೆ ಒಂದು ಚೂರು ಕಳಚಿಕೊಂಡು ನೇರ ಮಿದುಳಿಗೆ ಹೋಗಬಹುದು. ಹಾಗಾಗಿ ಮಹಾಪಧಮನಿಗೆ ಕ್ಲ್ಯಾಂಪ್ ಬಿದ್ದು ಹೃದಯ ನಿಲ್ಲುವವರೆಗೂ ಎಡಭಾಗವನ್ನು ಯಾರೂ ಮುಟ್ಟಲಿಲ್ಲ.

ಎಡ ಮೇಲ್ಕೋಣೆ ತೆರೆದಾಗ ಗಡ್ಡೆ ಚೀಲದ ಬಾಯಿವರೆಗೂ ಬಂದಿತ್ತು. ಮೇಲೆ ಕಪ್ಪುಗೆಂಪು, ಮೆತ್ತಗೆ. ಒಳಗೆ ಹೋದಂತೆ ಬಿಳಿಚಿಕೊಂಡು, ಪದರ ಪದರವಾಗಿ ಗೋಡೆಗೆ ಅಂಟಿತ್ತು. ಸರ್ಜನ್ ಅದನ್ನು ನಿಧಾನವಾಗಿ ಬಿಡಿಸಿ ತೆಗೆದರು. ಸಲೈನ್ ಹಾಕಿ ತೊಳೆದರು, ಮತ್ತೆ ತೊಳೆದರು. ಅದಾದ ಮೇಲೆ ಚೀಲದ ಬಾಯಿಯನ್ನು ಒಳಗಿನಿಂದ ಎರಡು ಸಾಲು ಹೊಲಿಗೆ ಹಾಕಿ ಮುಚ್ಚಿದರು. ಒಂದೇ ಸಾಲಾದರೆ ಕೆಲವೊಮ್ಮೆ ಸಣ್ಣ ಸಂದು ಉಳಿದು, ಮುಚ್ಚದೇ ಇರುವುದಕ್ಕಿಂತ ಕೆಟ್ಟದಾಗಬಹುದು.

ಲಯದ ಕೆಲಸ ಆಮೇಲೆ. ಬೈಪೋಲಾರ್ ಕ್ಲ್ಯಾಂಪ್‌ನ ಎರಡು ಉದ್ದನೆಯ ದವಡೆಗಳ ನಡುವೆ ಮೇಲ್ಕೋಣೆಯ ಗೋಡೆಯನ್ನು ಹಿಡಿಯುತ್ತಾರೆ. ವಿದ್ಯುತ್ ಒಂದು ದವಡೆಯಿಂದ ಇನ್ನೊಂದಕ್ಕೆ ಹಾಯುತ್ತದೆ. ಅಂಗಾಂಶ ಪೂರ್ತಿ ಸುಟ್ಟಾಗ ಅದರ ಮೂಲಕ ವಿದ್ಯುತ್ ಹರಿಯುವುದು ಕಡಿಮೆಯಾಗುತ್ತದೆ, ಮೆಷಿನ್ ಅದನ್ನು ಗುರುತಿಸಿ ಸದ್ದು ಮಾಡುತ್ತದೆ. ಒಂದೊಂದು ಗೆರೆಗೆ ಕೆಲವೇ ಸೆಕೆಂಡು. ಗೆರೆಯಲ್ಲಿ ಸ್ವಲ್ಪ ಜಾಗ ಬಿಟ್ಟುಹೋದರೂ ಮಿಂಚು ಅಲ್ಲಿಂದಲೇ ನುಸುಳುತ್ತದೆ. ಅದಕ್ಕೇ ಒಂದೇ ಜಾಗದಲ್ಲಿ ಎರಡು ಮೂರು ಸಲ ಹಿಡಿದು ಸುಟ್ಟರು. ಎರಡೂ ಕಡೆಯ ಶ್ವಾಸಕೋಶದ ರಕ್ತನಾಳಗಳ ಬುಡ, ಅವೆರಡನ್ನು ಸೇರಿಸುವ ಮೇಲಿನ ಮತ್ತು ಕೆಳಗಿನ ಗೆರೆ, ಅಲ್ಲಿಂದ ಮಿಟ್ರಲ್ ವಾಲ್ವ್ ಕಡೆಗೆ ಇನ್ನೊಂದು. ವಾಲ್ವ್‌ನ ಅಂಚಿಗೆ ಕ್ಲ್ಯಾಂಪ್ ತಲುಪುವುದಿಲ್ಲ, ಅಲ್ಲಿ ಸುಟ್ಟರೆ ಅಪಾಯವೂ ಇದೆ. ಆ ತುದಿಯನ್ನು ಮೈನಸ್ 60 ಡಿಗ್ರಿಯ ಕ್ರಯೋ ಕಡ್ಡಿಯಿಂದ ಹೆಪ್ಪುಗಟ್ಟಿಸಿದರು.

ಟ್ರೈಕಸ್ಪಿಡ್ ವಾಲ್ವ್‌ಗೆ ರಿಂಗ್ ಹಾಕಲು ಬಲ ಮೇಲ್ಕೋಣೆಯನ್ನು ತೆರೆಯಲೇಬೇಕಿತ್ತು, ಹಾಗಾಗಿ ಅಲ್ಲಿಯೂ ಗೆರೆಗಳನ್ನು ಹಾಕಿದರು. ಇದಕ್ಕೆಲ್ಲ ಹೆಚ್ಚಿಗೆ ಹಿಡಿದದ್ದು ಅರ್ಧ ಗಂಟೆಯ ಆಸುಪಾಸು. ಮೆಕ್ಯಾನಿಕಲ್ ವಾಲ್ವ್ ಕೂರಿಸಿ, ಗಾಳಿ ತೆಗೆದು, ಹೃದಯ ಮತ್ತೆ ಶುರುವಾದಾಗ ಪಿ ಅಲೆ ಇರಲಿಲ್ಲ, ಎಎಫ್ ಕೂಡ ಇರಲಿಲ್ಲ. ನಿಮಿಷಕ್ಕೆ 50ರಂತೆ ನಿಧಾನದ ಬಡಿತ. ತಾತ್ಕಾಲಿಕ ಪೇಸಿಂಗ್ ತಂತಿಗಳನ್ನು ಜೋಡಿಸಿ 85ಕ್ಕೆ ಇಟ್ಟುಕೊಂಡು ಐಸಿಯುಗೆ ಕಳಿಸಿದರು.

ಮನೆಗೆ ಹೋದ ಮೇಲಿನ ತಿಂಗಳುಗಳು

ಎರಡನೇ ದಿನ ಪಿ ಅಲೆ ಕಾಣಿಸಿತು. ಮನೆಯವರಿಗೂ ನಮಗೂ ಖುಷಿ. ನಾಲ್ಕನೇ ದಿನ ಸಂಜೆ ಮತ್ತೆ ಎಎಫ್, 130ರ ವೇಗ.

"ಆಪರೇಷನ್ ಫೇಲ್ ಆಯ್ತಾ?" ಅಂತ ಮಗ ಗಾಬರಿಯಾದ. ಇದನ್ನು ಮುಂಚೆಯೇ ಹೇಳಿರಬೇಕು, ಹೇಳಿಯೂ ಇದ್ದೆವು. ಆದರೂ ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ, ಅಲ್ವಾ? ಸುಟ್ಟ ಜಾಗ ಊದಿಕೊಂಡು ಕೆರಳಿರುತ್ತದೆ. ಗೆರೆ ಗಟ್ಟಿ ಕಲೆಯಾಗಲು ವಾರಗಳು ಬೇಕು. ಮೊದಲ ಮೂರು ತಿಂಗಳು ಬರುವ ಎಎಫ್‌ನಿಂದ ಫಲಿತಾಂಶ ಅಳೆಯುವುದಿಲ್ಲ. ಪೊಟ್ಯಾಸಿಯಂ, ಮೆಗ್ನೀಸಿಯಂ ಸರಿಮಾಡಿ, ತಾಳ ಹಿಡಿತಕ್ಕೆ ತರುವ ಅಮಿಯೊಡರೋನ್ ಶುರು ಮಾಡಿದರು. ವೇಗ ಹಿಡಿತಕ್ಕೆ ಬಂತು, ಎಎಫ್ ಹೋಗಲಿಲ್ಲ. ಒಂಬತ್ತನೇ ದಿನ ಎಎಫ್ ಇದ್ದಂತೆಯೇ ಮನೆಗೆ ಹೋದರು.

ಮೂರನೇ ವಾರ ಫೋನ್ ಬಂತು. ಹಲ್ಲುಜ್ಜಿದರೆ ವಸಡಿನಿಂದ ರಕ್ತ ನಿಲ್ಲುತ್ತಿಲ್ಲ, ತೋಳಿನ ಮೇಲೆ ನೀಲಿ ಮಚ್ಚೆ. ಐಎನ್‌ಆರ್ ನೋಡಿದರೆ 5.8. ಈ ವಾಲ್ವ್‌ಗೆ ಬೇಕಾದ್ದು 2.5ರಿಂದ 3.5. ಅಮಿಯೊಡರೋನ್ ಅಸಿಟ್ರಾಮ್‌ನ ಬಲವನ್ನು ಹೆಚ್ಚಿಸುತ್ತದೆ. ಅದೂ ಒಂದೇ ದಿನಕ್ಕಲ್ಲ, ವಾರಗಳ ಕಾಲ ನಿಧಾನವಾಗಿ ಏರಿಸುತ್ತಾ ಹೋಗುತ್ತದೆ. ಡಿಸ್ಚಾರ್ಜ್ ಆದ ದಿನದ ಐಎನ್‌ಆರ್ ಚೆನ್ನಾಗಿತ್ತು ಅನ್ನುವುದು ಇಲ್ಲಿ ಯಾವ ಭರವಸೆಯೂ ಅಲ್ಲ. ಅಸಿಟ್ರಾಮ್ ಎರಡು ದಿನ ನಿಲ್ಲಿಸಿ, ಅರ್ಧ ಡೋಸ್‌ಗೆ ಇಳಿಸಿ, ವಾರಕ್ಕೆರಡು ಸಲ ಪರೀಕ್ಷೆ ಮಾಡಿಸಿದೆವು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಅಪಾಯದ ಘಟ್ಟ ಇದೇ, ಥಿಯೇಟರ್ ಅಲ್ಲ. ಈ ಎರಡು ಮಾತ್ರೆ ಜೊತೆಗಿದ್ದರೆ ಮೊದಲ ಎರಡು ತಿಂಗಳು ಪ್ರತಿ ವಾರ ಐಎನ್‌ಆರ್ ಆಗಲೇಬೇಕು. ಮುಂದೆ ಅಮಿಯೊಡರೋನ್ ನಿಲ್ಲಿಸಿದಾಗ ಉಲ್ಟಾ ಆಗುತ್ತದೆ, ಐಎನ್‌ಆರ್ ಮೆಲ್ಲಗೆ ಇಳಿಯುತ್ತದೆ, ಆಗಲೂ ಅಷ್ಟೇ ಎಚ್ಚರ ಬೇಕು.

ಎಂಟನೇ ವಾರ. ಐಎನ್‌ಆರ್ ಮೂರು ವಾರ ಸತತವಾಗಿ ಸರಿಯಿದ್ದದ್ದನ್ನು ಖಚಿತ ಮಾಡಿಕೊಂಡು, ನಿದ್ದೆ ಬರಿಸಿ ಒಂದೇ ಒಂದು ಕರೆಂಟ್ ಶಾಕ್ ಕೊಟ್ಟರು. ತಾಳ ಸರಿಹೋಯಿತು, ನಿಮಿಷಕ್ಕೆ 68. ಎರಡನೇ ದಿನ ಕಾಣಿಸಿ ಮತ್ತೆ ಮಾಯವಾಗಿದ್ದ ಪಿ ಅಲೆ ಈ ಸಲ ಬಂದು ನಿಂತಿತು. ಪೇಸ್‌ಮೇಕರ್ ಬೇಕಾಗಲಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿ, ನಾಲ್ಕನೇ ತಿಂಗಳಿಗೆ ಅಮಿಯೊಡರೋನ್ ನಿಲ್ಲಿಸಿದೆವು.

ಆರನೇ ತಿಂಗಳ 24 ಗಂಟೆಯ ಹೋಲ್ಟರ್‌ನಲ್ಲಿ (ಮೈಗೆ ಕಟ್ಟಿಕೊಂಡು ಓಡಾಡುತ್ತಲೇ ಸತತ ಇಸಿಜಿ ತೆಗೆಯುವ ಯಂತ್ರ) ಎಎಫ್ ಇರಲಿಲ್ಲ. ಎಡ ಮೇಲ್ಕೋಣೆ 5.6ರಿಂದ 4.9ಕ್ಕೆ ಇಳಿದಿತ್ತು. ಅವರು ಮತ್ತೆ ಹೊಲಿಗೆ ಮೆಷಿನ್ ಮುಂದೆ ಕೂತಿದ್ದರು. ಕಾಲಿನಿಂದ ತುಳಿಯುವ ಮೆಷಿನ್ ಅದು. ಮೊದಲು ಒಂದು ರವಿಕೆಗೆ ಎರಡು ಸಲ ನಿಲ್ಲಿಸಿ ಉಸಿರು ತಗೋಬೇಕಿತ್ತು, ಈಗ ಇಲ್ಲ ಅಂದರು. ಇದರಲ್ಲಿ ವಾಲ್ವ್‌ನ ಪಾಲೆಷ್ಟು, ತಾಳದ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ. ದೊಡ್ಡ ಪಾಲು ವಾಲ್ವ್‌ನದೇ ಇರಬೇಕು.

ಒಂದು ವರ್ಷದ ಹೋಲ್ಟರ್‌ನಲ್ಲಿ ಬೆಳಗಿನ ಜಾವ 48 ಸೆಕೆಂಡಿನ ಒಂದು ಎಎಫ್ ಸಿಕ್ಕಿತು. ಅವರಿಗೆ ಗೊತ್ತೇ ಆಗಿರಲಿಲ್ಲ. ಅಧ್ಯಯನಗಳ ನಿಯಮದಂತೆ 30 ಸೆಕೆಂಡು ದಾಟಿದರೆ ಅದು ಮರುಕಳಿಸಿದ ಹಾಗೆ ಲೆಕ್ಕ. ಕಾಗದದ ಮೇಲೆ ಈ ಅಮ್ಮ ಚಿಕಿತ್ಸೆ ವಿಫಲವಾದವರ ಪಟ್ಟಿಗೆ ಸೇರುತ್ತಾರೆ. ಚಿಕಿತ್ಸೆಗಳನ್ನು ಒಂದಕ್ಕೊಂದು ಹೋಲಿಸಲು ಅಂಥ ಕಟ್ಟುನಿಟ್ಟು ಬೇಕು, ಒಪ್ಪುತ್ತೇನೆ. ಆದರೆ ದಿನದ 24 ಗಂಟೆ ಎಎಫ್‌ನಲ್ಲಿದ್ದವರು ಈಗ 48 ಸೆಕೆಂಡಿಗೆ ಬಂದಿದ್ದಾರೆ. ಅದಕ್ಕೆ ಹೊಸ ಮಾತ್ರೆ ಶುರು ಮಾಡುವ ಅಗತ್ಯ ನಮಗೆ ಕಾಣಲಿಲ್ಲ.

ಅಸಿಟ್ರಾಮ್ ಹಾಗೇ ಮುಂದುವರಿದಿದೆ. ತಿಂಗಳಿಗೊಂದು ಐಎನ್‌ಆರ್, ಆರು ತಿಂಗಳಿಗೆ ಮತ್ತೊಂದು ಹೋಲ್ಟರ್. ಈ ಸಲ 24 ಗಂಟೆಯ ಬದಲು ಏಳು ದಿನದ್ದನ್ನು ಬರೆದುಕೊಟ್ಟಿದ್ದೇವೆ.